ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್: ಹರದೋಯಿಯ ಕ್ರಿಮಿನಲ್ ವಕೀಲರು ಮತ್ತು ಜೈನರ ಕಾನೂನು

2025ರ ಫೆಬ್ರವರಿಯಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು ಜೈನ ದಂಪತಿಗಳ ವಿಚ್ಛೇದನ ಅರ್ಜಿಗಳನ್ನು ತಿರಸ್ಕರಿಸಿತು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೆ ಹಿಂದೂ ವಿವಾಹ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ ಎಂಬುದು ಆ ನ್ಯಾಯಾಧೀಶರ ಅಭಿಪ್ರಾಯ. ಮುಂದಿನ ತಿಂಗಳೇ ಮಧ್ಯಪ್ರದೇಶ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಾಯ್ದೆಯ 2ನೇ ಕಲಮಿನಲ್ಲೇ ಬೌದ್ಧ, ಜೈನ, ಸಿಖ್ಖರಿಗೂ ಇದು ಅನ್ವಯ ಎಂದು ಬರೆದಿದೆ. ಅಲ್ಪಸಂಖ್ಯಾತ ಸ್ಥಾನ ಸಿಕ್ಕಿದ್ದರಿಂದ ಆ ಮಾತು ಅಳಿಸಿಹೋಗುವುದಿಲ್ಲ.

ಗಾಬರಿ ಅಲ್ಲಿಗೆ ಮುಗಿಯಿತು. ಆದರೆ ಅದರ ಹಿಂದಿನ ಪ್ರಶ್ನೆ ಹೊಸದಲ್ಲ. ಮದುವೆ, ದತ್ತಕ, ವಾರಸು ಇವುಗಳಲ್ಲಿ ಜೈನರಿಗೆ ಯಾವ ಕಾನೂನು? ಸುಮಾರು ನೂರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಹಿಡಿದು ಪುಸ್ತಕ ಬರೆದವರು ಉತ್ತರ ಪ್ರದೇಶದ ಒಂದು ಸಣ್ಣ ಜಿಲ್ಲಾ ಕೇಂದ್ರದಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಿದ್ದ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್. ನಮ್ಮ ಕಡೆ ಅವರ ಹೆಸರನ್ನು ಸ್ವಾಧ್ಯಾಯ ಮಾಡುವವರು ಬಲ್ಲರು, ಅದೂ ಧರ್ಮಗ್ರಂಥಗಳ ಲೇಖಕರೆಂದು. ಅವರ ವಕೀಲಿ ವೃತ್ತಿಯನ್ನು ನೆನೆಯುವವರು ಕಡಿಮೆ. ಅವರು ಕೈಹಾಕಿದ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಆ ವೃತ್ತಿಯನ್ನೇ ಮೊದಲು ನೋಡಬೇಕು.

ಅವರು ಹುಟ್ಟಿದ್ದು 1867ರಲ್ಲಿ ದಿಲ್ಲಿಯಲ್ಲಿ, ದಿಗಂಬರ ಜೈನ ಮನೆತನದಲ್ಲಿ. ತಂದೆ ಲಾಲಾ ಚಂದ್ರಮಲ್, ತಾಯಿ ಪಾರ್ವತಿ. ತಾಯಿ ಬೇಗ ತೀರಿಕೊಂಡರು. ಮಕ್ಕಳಿಲ್ಲದ ಶ್ರೀಮಂತ ಬಂಧುಗಳು ಹುಡುಗನನ್ನು ದತ್ತು ತೆಗೆದುಕೊಂಡು ಬೆಳೆಸಿದರು. ದತ್ತಕದ ಕಾನೂನನ್ನು ಮುಂದೆ ಅಷ್ಟು ಆಳವಾಗಿ ಬರೆದವರು ಸ್ವತಃ ದತ್ತುಪುತ್ರ ಎಂಬುದು ಗಮನಿಸಬೇಕಾದ ಸಂಗತಿ. 1892ರಲ್ಲಿ ಇಂಗ್ಲೆಂಡಿಗೆ ಹೋಗಿ, ಬ್ಯಾರಿಸ್ಟರ್ ಆಗಿ, 1897ರಲ್ಲಿ ಮರಳಿದರು. ಬಂದಾಗ ಉಡುಪು, ನಡೆನುಡಿ, ವಿಚಾರ ಎಲ್ಲವೂ ವಿಲಾಯಿತಿಯದು. ಧರ್ಮದಲ್ಲಿ ಆಸಕ್ತಿ ಇರಲಿಲ್ಲ.

ಆ ಕಾಲದ ಬ್ಯಾರಿಸ್ಟರುಗಳಲ್ಲಿ ಹೆಸರು ಮಾಡಬೇಕೆಂದವರು ಕಲ್ಕತ್ತಾ, ಬೊಂಬಾಯಿ, ಅಲಹಾಬಾದಿನ ಹೈಕೋರ್ಟುಗಳ ದಾರಿ ಹಿಡಿಯುತ್ತಿದ್ದರು. ಚಂಪತ್ ರಾಯರು ನೆಲೆ ನಿಂತದ್ದು ಹರದೋಯಿಯಲ್ಲಿ. ಲಖನೌಗೆ ವಾಯವ್ಯದಲ್ಲಿರುವ ಅವಧ್ ಸೀಮೆಯ ಜಿಲ್ಲಾ ಕೇಂದ್ರ ಅದು. ಅಲ್ಲಿ ಕ್ರಿಮಿನಲ್ ವಕೀಲರಾಗಿ ಹೆಸರೂ ಹಣವೂ ಎರಡೂ ಬಂದವು. ಜೊತೆಯ ವಕೀಲರು ಅವರನ್ನು ಪ್ರೀತಿಯಿಂದ 'ಅಂಕಲ್ ಜೈನ್' ಎಂದು ಕರೆಯುತ್ತಿದ್ದರು.

ಜಿಲ್ಲಾ ಕೋರ್ಟಿನ ವಿಚಾರಣಾ ವಕೀಲನ ಕೆಲಸ ಹೈಕೋರ್ಟಿನ ವಕೀಲನ ಕೆಲಸದಂತಲ್ಲ. ಹೈಕೋರ್ಟಿನಲ್ಲಿ ಕಾಗದ ಮಾತಾಡುತ್ತದೆ; ಸಾಕ್ಷಿ ಹೇಳಿದ್ದೆಲ್ಲ ಆಗಲೇ ಬರಹಕ್ಕೆ ಇಳಿದಿರುತ್ತದೆ. ಕೆಳಗಿನ ಕೋರ್ಟಿನಲ್ಲಿ ಮನುಷ್ಯ ಕಟಕಟೆಯಲ್ಲಿ ನಿಂತಿರುತ್ತಾನೆ. ಅವನು ಕಂಡದ್ದೆಷ್ಟು, ಕೇಳಿದ್ದೆಷ್ಟು, ಬೇರೆಯವರು ಹೇಳಿಕೊಟ್ಟದ್ದೆಷ್ಟು ಎಂಬುದನ್ನು ಪಾಟೀಸವಾಲಿನಲ್ಲಿ ಬೇರ್ಪಡಿಸಬೇಕು. ಆಗಿನ ಸೆಷನ್ಸ್ ಕೋರ್ಟುಗಳಲ್ಲಿ ಅನೇಕ ಕಡೆ ನ್ಯಾಯಾಧೀಶರ ಪಕ್ಕದಲ್ಲಿ 'ಅಸೆಸರ್' ಎಂದು ಊರಿನ ಗೃಹಸ್ಥರು ಕೂತು ಅಭಿಪ್ರಾಯ ಹೇಳುತ್ತಿದ್ದರು. ಆ ಅಭಿಪ್ರಾಯಕ್ಕೆ ನ್ಯಾಯಾಧೀಶರು ಬದ್ಧರಲ್ಲ. ಆದರೂ ಅವರಿಗೂ ಅರ್ಥವಾಗುವಂತೆ ಕೇಸನ್ನು ನಡೆಸಬೇಕಿತ್ತು. ಅಲ್ಲಿ ದಾಖಲೆಗೆ ಬಾರದ ಸಂಗತಿ ಮುಂದೆ ಯಾವ ಮೇಲಿನ ಕೋರ್ಟಿಗೂ ಸಾಧಾರಣವಾಗಿ ಹೋಗುವುದಿಲ್ಲ. ಕಿರ್ದಿಯಲ್ಲಿ ಬರೆಯದ ವ್ಯವಹಾರ ಖಾತೆಗೆ ಹೇಗೆ ಬಾರದೋ ಹಾಗೆ.

ಶ್ರಾವಕನಾದವನು ಕ್ರಿಮಿನಲ್ ವಕೀಲಿ ಮಾಡಬಹುದೇ ಎಂದು ಇಂದಿಗೂ ಮನೆಗಳಲ್ಲಿ ಹಿರಿಯರು ಕೇಳುತ್ತಾರೆ. ಸತ್ಯಾಣುವ್ರತಕ್ಕೆ ಅಡ್ಡಿಯಾಗದೇ ಎಂಬುದು ಅವರ ಅಳುಕು. ತತ್ತ್ವಾರ್ಥಸೂತ್ರವೂ ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವೂ ಈ ವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖವನ್ನೂ, ಅಂದರೆ ಸುಳ್ಳು ಪತ್ರ ಸೃಷ್ಟಿಯನ್ನೂ, ನ್ಯಾಸಾಪಹಾರವನ್ನೂ, ಅಂದರೆ ಇಟ್ಟ ಅಡವು ನುಂಗುವುದನ್ನೂ ಎಣಿಸಿವೆ. ಇವು ಕೋರ್ಟಿಗೂ ಅಪರಾಧವೇ. ಆರೋಪಿಯ ವಕೀಲ 'ಇವನು ನಿರಪರಾಧಿ' ಎಂದು ಆಣೆ ಮಾಡಬೇಕಾಗಿಲ್ಲ. ಅಪರಾಧವನ್ನು ರುಜುವಾತು ಮಾಡುವ ಹೊಣೆ ಸರ್ಕಾರದ್ದು. ಆ ರುಜುವಾತು ಗಟ್ಟಿಯಾಗಿದೆಯೇ ಎಂದು ತೂಗಿ ನೋಡುವುದಷ್ಟೇ ಅವನ ಕೆಲಸ. ಸುಳ್ಳು ಸಾಕ್ಷಿಯನ್ನು ತಯಾರು ಮಾಡಿದರೆ ಮಾತ್ರ ವ್ರತವೂ ಹೋಯಿತು, ಸನ್ನದೂ ಹೋಯಿತು. ಅದೇ ರತ್ನಕರಂಡ ಶ್ರಾವಕಾಚಾರವನ್ನು ಇಂಗ್ಲಿಷಿಗೆ ತಂದವರು ಚಂಪತ್ ರಾಯರು.

ಅಷ್ಟರಲ್ಲಿ ಅವರ ಮನಸ್ಸು ಧರ್ಮದ ಕಡೆ ತಿರುಗಿತ್ತು. ಸಂಸಾರದ ಸಾವುನೋವು ಅದಕ್ಕೆ ಒಂದು ಕಾರಣ. ಮೊದಲು ವೇದಾಂತ ಓದಿದರು, ಆಮೇಲೆ ಜೈನ ಗ್ರಂಥಗಳಿಗೆ ಬಂದರು. 1915ರಲ್ಲಿ 'ಕೀ ಆಫ್ ನಾಲೆಡ್ಜ್' ಎಂಬ ದೊಡ್ಡ ಇಂಗ್ಲಿಷ್ ಗ್ರಂಥ ಹೊರಬಂತು. ಬೇರೆ ಬೇರೆ ಮತಗಳ ಪುರಾಣಕಥೆಗಳನ್ನು ಸಾಕ್ಷಿಗಳಂತೆ ನಿಲ್ಲಿಸಿ, ಒಂದರ ಮಾತನ್ನು ಇನ್ನೊಂದಕ್ಕೆ ತಾಳೆ ಹಾಕಿ, ಒಳಗಿನ ಅರ್ಥವೇನೆಂದು ಕೇಳುವ ಬಗೆ ಅದರದು. ಎಲ್ಲ ಕಡೆಯೂ ಅವರ ವ್ಯಾಖ್ಯಾನ ಒಪ್ಪಿಗೆಯಾಗುವುದಿಲ್ಲ. ಕೆಲವು ಕಡೆ ಎಳೆದು ತಂದಂತೆ ಕಾಣುತ್ತದೆ. 'ವಿದ್ಯಾವಾರಿಧಿ' ಎಂಬ ಬಿರುದು ಅವರ ಹೆಸರಿನ ಜೊತೆ ಸೇರಿತು. 1923ರಲ್ಲಿ ದಿಗಂಬರ ಜೈನ ಪರಿಷತ್ತಿನ ಸ್ಥಾಪನೆಯಲ್ಲಿ ಅವರೂ ಮುಂದಾಳುಗಳಲ್ಲೊಬ್ಬರು.

ಇನ್ನು ಕಾನೂನಿನ ವಿಷಯ. ಬ್ರಿಟಿಷರ ಕೋರ್ಟುಗಳು ಜೈನರಿಗೆ ಹಿಂದೂ ಧರ್ಮಶಾಸ್ತ್ರವನ್ನೇ ಅನ್ವಯಿಸುತ್ತಿದ್ದವು. ಜೊತೆಗೆ ಒಂದು ಷರತ್ತು: 'ನಮ್ಮಲ್ಲಿ ಬೇರೆ ರೂಢಿ ಇದೆ' ಎಂದು ಹೇಳುವವರು ಅದನ್ನು ರುಜುವಾತು ಮಾಡಿದರೆ ಆ ರೂಢಿ ನಡೆಯುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದರ ಭಾರ ಎಲ್ಲಿ ಬೀಳುತ್ತದೆ ನೋಡಿ. ಹಿಂದೂ ಕುಟುಂಬದವರು ಮಿತಾಕ್ಷರಾ ತೆರೆದು ತೋರಿಸಿದರೆ ಸಾಕು, ಅದು ಕಾನೂನು. ಜೈನ ಕುಟುಂಬದವರ ಪದ್ಧತಿ ಮಾತ್ರ ಕಾನೂನಲ್ಲ, ಒಂದು 'ಸಂಗತಿ'. ಕೊಲೆ ನಡೆದ ಹೊತ್ತು, ಸಾಲದ ಮೊತ್ತದ ಹಾಗೆ ಅದನ್ನೂ ವಿಚಾರಣಾ ಕೋರ್ಟಿನಲ್ಲಿ ಸಾಕ್ಷಿಗಳಿಂದ ಸಾಧಿಸಬೇಕು. ರೂಢಿ ಪುರಾತನವಾಗಿರಬೇಕು, ನಿಶ್ಚಿತವಾಗಿರಬೇಕು, ನಡುವೆ ಕಡಿದಿರಬಾರದು, ನ್ಯಾಯಸಮ್ಮತವಾಗಿರಬೇಕು. ಹೇಳಿದವನದೇ ರುಜುವಾತಿನ ಹೊಣೆ. ಒಬ್ಬರ ಕೇಸಿನಲ್ಲಿ ಸಾಧಿಸಿದ್ದು ಇನ್ನೊಂದು ಊರಿನ, ಇನ್ನೊಂದು ಪಂಗಡದ ಜೈನರಿಗೆ ತಾನಾಗಿ ದಕ್ಕುವುದೂ ಇಲ್ಲ. ಹೀಗಾಗಿ ಜೈನರ ಕಾನೂನು ಎಂಬುದು ಆಯಾ ಜಿಲ್ಲೆಯ ವಿಚಾರಣಾ ವಕೀಲನ ಶ್ರಮದಷ್ಟೇ ಗಟ್ಟಿ ಎನ್ನುವಂತಾಗಿತ್ತು.

ಇದಕ್ಕೆ ದೊಡ್ಡ ಉದಾಹರಣೆ ಶಿವಸಿಂಗ್ ರಾಯ್ ವಿರುದ್ಧ ದಾಖೋ ಎಂಬ ಮೊಕದ್ದಮೆ. 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ತೀರ್ಮಾನವಾಯಿತು. ದಾಖೋ ಎಂಬ ಜೈನ ವಿಧವೆ, ಸರಾವಗಿ ಅಗರವಾಲ ಪಂಗಡದವರು, ಗಂಡನ ಅನುಮತಿ ಇಲ್ಲದೆ ದತ್ತು ತೆಗೆದುಕೊಂಡಿದ್ದರು. ಆ ಸೀಮೆಯಲ್ಲಿ ನಡೆಯುತ್ತಿದ್ದ ಬನಾರಸ್ ಪದ್ಧತಿಯ ಹಿಂದೂ ಕಾನೂನಿನಲ್ಲಿ ಗಂಡ ಬದುಕಿದ್ದಾಗ ಅನುಮತಿ ಕೊಟ್ಟಿದ್ದರೆ ಮಾತ್ರ ವಿಧವೆ ದತ್ತು ತೆಗೆದುಕೊಳ್ಳಬಹುದಿತ್ತು. ಆಸ್ತಿಯಲ್ಲಿ ಅವಳಿಗೆ ಜೀವಾವಧಿ ಹಕ್ಕಷ್ಟೆ. ಜೈನರ ರೂಢಿ ಬೇರೆ ಎಂದು ಕೆಳಗಿನ ಕೋರ್ಟಿನಲ್ಲಿ ಜೈನರ ಸಾಕ್ಷ್ಯ ತೆಗೆಸಲಾಯಿತು. ವಿಧವೆ ಗಂಡನ ಅಪ್ಪಣೆಯಿಲ್ಲದೆ ದತ್ತು ತೆಗೆದುಕೊಳ್ಳಬಹುದು, ಮಗಳ ಮಗನನ್ನೂ ತೆಗೆದುಕೊಳ್ಳಬಹುದು, ಮಕ್ಕಳಿಲ್ಲದ ಗಂಡನ ಸ್ವಯಾರ್ಜಿತ ಆಸ್ತಿಗೆ ಆಕೆ ಪೂರ್ಣ ಒಡತಿ: ಇಷ್ಟೂ ರುಜುವಾತಾಯಿತು. ಪ್ರಿವಿ ಕೌನ್ಸಿಲ್ ಎತ್ತಿ ಹಿಡಿಯಿತು.

ಈ ರೂಢಿಯ ಹಿಂದೆ ಸಿದ್ಧಾಂತವಿದೆ. ನಮ್ಮಲ್ಲಿ ಪಿಂಡವಿಲ್ಲ, ಶ್ರಾದ್ಧವಿಲ್ಲ. ಮಗನಿಲ್ಲದವನಿಗೆ ಸದ್ಗತಿ ಇಲ್ಲ ಎಂಬ ಮಾತೂ ಇಲ್ಲ. ಅವರವರ ಕರ್ಮ ಅವರವರದು. ಆದ್ದರಿಂದ ಜೈನರಲ್ಲಿ ದತ್ತಕ ಎಂಬುದು ಲೌಕಿಕ ವ್ಯವಸ್ಥೆ, ಮನೆ-ಅಂಗಡಿ ಮುಂದುವರಿಯಲಿ ಎಂದು ಮಾಡುವುದು. ಸತ್ತ ಗಂಡನ ಆತ್ಮಕ್ಕಾಗಿ ಮಾಡದ ಕೆಲಸಕ್ಕೆ ಅವನ ಅಪ್ಪಣೆ ಏಕೆ ಬೇಕು? ಮದುವೆಯಾದವನನ್ನೂ ದತ್ತು ತೆಗೆದುಕೊಳ್ಳಬಹುದೆಂಬ ಜೈನ ರೂಢಿಯನ್ನು 1910ರಲ್ಲಿ ರೂಪಚಂದ್ ವಿರುದ್ಧ ಜಂಬೂಪ್ರಸಾದ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಮಾನ್ಯ ಮಾಡಿತು. ಅಲ್ಲಿಯೂ ಗೆಲುವಿಗೆ ಆಧಾರ ಸಾಕ್ಷಿಗಳ ಹೇಳಿಕೆಗಳೇ.

ಹಾಗಾದರೆ ಜೈನರಲ್ಲಿ ಇಂಥ ವಿಷಯಕ್ಕೆ ಗ್ರಂಥಗಳೇ ಇರಲಿಲ್ಲವೇ? ಇದ್ದವು. ಕೋರ್ಟಿಗೆ ಬರಲಿಲ್ಲ. ಶಾಸ್ತ್ರವನ್ನು ಅನ್ಯರ ಕೈಗೆ ಕೊಟ್ಟರೆ ಅವಿನಯವಾದೀತು ಎಂಬ ಭಯದಿಂದ ಸಮಾಜದವರೇ ಮುಚ್ಚಿಟ್ಟರು ಎಂಬುದು ಚಂಪತ್ ರಾಯರ ಕೊರಗು. ನಮ್ಮ ನಾಡಿನವರಿಗೆ ಇದು ಪರಿಚಿತ ಕಥೆ. ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳು, ಧವಳಾದಿಗಳು, ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು. ಧವಳದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಭಕ್ತಿಯಿಂದ ಕಾಪಾಡಿದ್ದರಿಂದಲೇ ಅವು ಉಳಿದವು, ಸರಿ. ಆದರೆ ತೋರಿಸದ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ.

1919ರ ಹೊತ್ತಿಗೆ ಹರಿಸಿಂಗ್ ಗೌರರ 'ಹಿಂದೂ ಕೋಡ್' ಬಂತು. ಅದರಲ್ಲಿ ಜೈನರನ್ನು ಹಿಂದೂಗಳಿಂದ ಸಿಡಿದು ಹೋದವರೆಂದು ಬರೆದದ್ದು ಸಮಾಜಕ್ಕೆ ನೋವು ತಂದಿತು. ವಕೀಲರ ಮೇಜಿನ ಮೇಲೆ ಇರುವ ಪುಸ್ತಕಕ್ಕೆ ಉತ್ತರ ಕೊಡಬೇಕಾದರೆ ವಕೀಲರ ಮೇಜಿಗೆ ಹೋಗುವ ಪುಸ್ತಕವೇ ಬೇಕು. ಇಂದೋರಿನಲ್ಲಿ ಹೈಕೋರ್ಟ್ ನ್ಯಾಯಾಧೀಶರಾಗಿದ್ದ ಬ್ಯಾರಿಸ್ಟರ್ ಜುಗಮಂದರ್ ಲಾಲ್ ಜೈನಿ ಮೊದಲೇ ಭದ್ರಬಾಹು ಸಂಹಿತೆಯ ಆಧಾರದಿಂದ ಜೈನ ಕಾನೂನಿನ ಪುಸ್ತಕ ತಂದಿದ್ದರು. ಚಂಪತ್ ರಾಯರು ಅದನ್ನು ವಿಸ್ತರಿಸಿದರು. ಭದ್ರಬಾಹು ಸಂಹಿತೆ, ಅರ್ಹನ್ನೀತಿ, ವರ್ಧಮಾನ ನೀತಿ, ಇಂದ್ರನಂದಿ ಜಿನ ಸಂಹಿತೆ, ತ್ರೈವರ್ಣಿಕಾಚಾರ ಇವುಗಳಿಂದ ದತ್ತಕ, ವಿಭಾಗ, ವಾರಸು, ಸ್ತ್ರೀಧನ, ಜೀವನಾಂಶದ ವಿಷಯಗಳನ್ನು ಕಲೆಹಾಕಿ, ಕೋರ್ಟಿನ ತೀರ್ಪುಗಳೊಡನೆ ಜೋಡಿಸಿ, 1926ರಲ್ಲಿ 'ಜೈನ್ ಲಾ' ಪ್ರಕಟಿಸಿದರು. ಅದರಲ್ಲಿ ಎದ್ದು ಕಾಣುವ ಸಂಗತಿ ಹೆಂಗಸಿನ ಸ್ಥಾನ. ಗಂಡನ ಆಸ್ತಿಗೆ ಮಗನಿಗಿಂತ ಮುಂಚೆ ಹೆಂಡತಿ ವಾರಸುದಾರಳು, ಅದೂ ಪೂರ್ಣ ಹಕ್ಕಿನಿಂದ.

ಪುಸ್ತಕ ನಿರ್ದೋಷವಲ್ಲ. ಆಧಾರಗ್ರಂಥಗಳಲ್ಲಿ ಕೆಲವು ನಿಜಕ್ಕೂ ಎಷ್ಟು ಹಳೆಯವು ಎಂಬ ಪ್ರಶ್ನೆಯನ್ನು ಜೈನ ವಿದ್ವಾಂಸರೇ ಎತ್ತಿದ್ದರು. ಪಂಡಿತ ಜುಗಲ್ ಕಿಶೋರ್ ಮುಖ್ತಾರರು ತಮ್ಮ 'ಗ್ರಂಥ ಪರೀಕ್ಷಾ'ದಲ್ಲಿ ಈಗ ದೊರೆಯುವ ಭದ್ರಬಾಹು ಸಂಹಿತೆ ಶ್ರುತಕೇವಲಿ ಭದ್ರಬಾಹುಗಳದ್ದಲ್ಲ, ಬಹಳ ಈಚಿನದು ಎಂದು ತೋರಿಸಿದರು. ಮುಖ್ತಾರರೂ ಒಂದು ಕಾಲಕ್ಕೆ ಕೆಳ ಕೋರ್ಟಿನಲ್ಲಿ ವಕಾಲತ್ತು ಮಾಡಿದವರೇ; ಅವರ ಹೆಸರಿನ ಕೊನೆಯ ಪದ ಆ ವೃತ್ತಿಯಿಂದ ಬಂದದ್ದು. ಒಬ್ಬ ವಕೀಲರು ನಿಲ್ಲಿಸಿದ ಸಾಕ್ಷಿಗೆ ಇನ್ನೊಬ್ಬರ ಪಾಟೀಸವಾಲು ಮೊದಲೇ ಆಗಿತ್ತು ಎನ್ನಬೇಕು.

ಇನ್ನೊಂದು ಕೊರತೆ ದಕ್ಷಿಣದವರಿಗೆ ಸಂಬಂಧಿಸಿದ್ದು. ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಅಲ್ಲಿ ಹೆಂಡತಿಯೋ ಮಗನೋ ಎಂಬ ಪ್ರಶ್ನೆಯೇ ಬೇರೆ ರೂಪದ್ದು. ಸಂಹಿತೆಗಳಿಂದ ತೆಗೆದ 'ಜೈನರ ಒಂದೇ ಕಾನೂನು' ಕಾರ್ಕಳ, ಮೂಡುಬಿದಿರೆಯ ಮನೆಗಳಿಗೆ ಹೊಂದುತ್ತಿರಲಿಲ್ಲ. ಅಲ್ಲಿ ರೂಢಿಯೇ ದೊಡ್ಡದು.

ಕೋರ್ಟುಗಳೂ ಪೂರ್ತಿ ಬದಲಾಗಲಿಲ್ಲ. ಆಗ ದಕ್ಷಿಣ ಕನ್ನಡ, ಬಳ್ಳಾರಿಗಳು ಮದ್ರಾಸ್ ಹೈಕೋರ್ಟಿಗೆ ಸೇರಿದ್ದವು. 1927ರಲ್ಲಿ ವರದಿಯಾದ ಗಟೆಪ್ಪ ವಿರುದ್ಧ ಈರಮ್ಮ ಮೊಕದ್ದಮೆಯಲ್ಲಿ ಆ ಕೋರ್ಟಿನ ಕುಮಾರಸ್ವಾಮಿ ಶಾಸ್ತ್ರಿಗಳು ಹೇಳಿದ ಮಾತು ಪ್ರಸಿದ್ಧ. ಪ್ರಶ್ನೆ ಹೊಸದಾಗಿ ಬಂದಿದ್ದರೆ, ಜೈನರು ಹಿಂದೂಗಳಿಂದ ಸಿಡಿದವರಲ್ಲ, ಅವರ ಧರ್ಮ ಸ್ಮೃತಿಗಳಿಗಿಂತ ಬಹಳ ಹಳೆಯದು ಎಂದೇ ತಾವು ಹೇಳುತ್ತಿದ್ದುದಾಗಿ ಅವರು ಬರೆದರು. ಆದರೆ ಹಿಂದಿನ ತೀರ್ಪುಗಳು ಅಡ್ಡ ಇದ್ದವು. ರೂಢಿ ಸಾಧಿಸದಿದ್ದರೆ ಹಿಂದೂ ಕಾನೂನೇ.

ಶಿಖರ್ಜಿಯ ವ್ಯಾಜ್ಯದಲ್ಲಿ ದಿಗಂಬರ ಸಮಾಜದ ಪರವಾಗಿ ದುಡಿದ ವಕೀಲರಲ್ಲಿ ಚಂಪತ್ ರಾಯರೂ ಇದ್ದರು. ನಮ್ಮವರೇ ಎರಡು ಕಡೆ ನಿಂತು ವರ್ಷಗಟ್ಟಲೆ ನಡೆಸಿದ ಆ ವ್ಯಾಜ್ಯವನ್ನು ಹೆಚ್ಚು ಬೆಳೆಸಿ ಹೇಳುವುದು ಬೇಡ. ಒಂದು ಅಂಶ ಮಾತ್ರ ವಕೀಲಿ ಓದುವ ಮಕ್ಕಳಿಗೆ ಉಪಯೋಗ. ಟೋಂಕುಗಳಲ್ಲಿದ್ದ ಚರಣಚಿಹ್ನೆಗಳು ಮೊದಲು ಅಂಗಾಲಿನ ಗುರುತುಗಳೇ, ಉಗುರು ಕಾಣುವ ಪಾದಗಳೇ ಎಂಬ ಪ್ರಶ್ನೆ ಅದರಲ್ಲಿತ್ತು. ಬದಲಾಯಿಸಿ ವರ್ಷಗಳಾದವು, ದಾವೆಯ ಅವಧಿ ಮುಗಿಯಿತು ಎಂಬ ವಾದವೂ ಬಂತು. 1933ರಲ್ಲಿ ಪ್ರಿವಿ ಕೌನ್ಸಿಲ್, ಪೂಜೆಗೆ ಅಡ್ಡಿಯಾಗುವಂಥ ಕೃತ್ಯ 'ಮುಂದುವರಿಯುವ ತಪ್ಪು', ಅದು ಇರುವಷ್ಟು ಕಾಲ ದಿನದಿನವೂ ಹೊಸ ಅವಧಿ ಆರಂಭ ಎಂದಿತು. ಅವಧಿ ಕಾಯ್ದೆಯ ಚರ್ಚೆಯಲ್ಲಿ ಹುಕುಂಚಂದ್ ಮೊಕದ್ದಮೆ ಎಂದು ವಕೀಲರು ಇಂದಿಗೂ ಅದನ್ನು ಉದಾಹರಿಸುತ್ತಾರೆ.

ಕೊನೆಯ ವರ್ಷಗಳಲ್ಲಿ ವಕೀಲಿಗಿಂತ ಪ್ರಚಾರವೇ ಅವರ ಮುಖ್ಯ ಕೆಲಸವಾಯಿತು. 1930ರಲ್ಲಿ ಲಂಡನ್ನಿನಲ್ಲಿ ಋಷಭ ಜೈನ ಲೆಂಡಿಂಗ್ ಲೈಬ್ರರಿ ತೆರೆದರು. ದಿಗಂಬರ ಮುನಿಗಳ ವಿಹಾರಕ್ಕೆ ಕೆಲವೆಡೆ ಅಡ್ಡಿ ಬಂದ ಕಾಲದಲ್ಲಿ, 1931ರಲ್ಲಿ, ಮುನಿಗಳ ನಗ್ನತೆಯ ಅರ್ಥವನ್ನು ವಿವರಿಸುವ ಸಣ್ಣ ಪುಸ್ತಕ ಬರೆದರು. 1942ರ ಜೂನ್ 2ರಂದು ಕರಾಚಿಯಲ್ಲಿ ತೀರಿಕೊಂಡರು.

ಅವರು ತೀರಿದ ಹದಿನಾಲ್ಕು ವರ್ಷಕ್ಕೆ ಹಿಂದೂ ವಾರಸು ಕಾಯ್ದೆ ಬಂತು. 1956ರ ಆ ಕಾಯ್ದೆಯ 14ನೇ ಕಲಮು ಹೆಣ್ಣಿನ ಸ್ವಾಧೀನದಲ್ಲಿರುವ ಆಸ್ತಿಗೆ ಅವಳನ್ನೇ ಪೂರ್ಣ ಒಡತಿ ಎಂದು ಸಾಮಾನ್ಯವಾಗಿ ಒಪ್ಪಿತು. ದಾಖೋ ಎಂಬ ಜೈನ ವಿಧವೆ ಸಾಕ್ಷಿಗಳನ್ನು ನಿಲ್ಲಿಸಿ ಸಾಧಿಸಿಕೊಂಡದ್ದು 78 ವರ್ಷಗಳ ನಂತರ ಎಲ್ಲ ಹಿಂದೂ ವಿಧವೆಯರಿಗೂ ದಕ್ಕಿತು. ಜೈನರನ್ನೂ ಆ ಕಾಯ್ದೆಗಳೊಳಗೆ ಸೇರಿಸಿದ್ದರಿಂದ ಪ್ರತ್ಯೇಕ ಜೈನ ಕಾನೂನು ಎಂಬ ಚಂಪತ್ ರಾಯರ ಬಯಕೆ ಈಡೇರಲಿಲ್ಲ. ವ್ಯಾಪಾರಸ್ಥ ಮನೆತನಗಳು ತೆರಿಗೆಗೆ ಬಳಸುವ ಅವಿಭಕ್ತ ಕುಟುಂಬದ ಖಾತೆ ಜೈನರಿಗೂ ಇರುವುದು ಇದೇ ದಾರಿಯಲ್ಲಿ. ಜೈನ ಅವಿಭಕ್ತ ಕುಟುಂಬವೂ ಹಿಂದೂ ಅವಿಭಕ್ತ ಕುಟುಂಬದ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1970ರ ಚಂಪಾ ಕುಮಾರಿ ಸಿಂಘಿ ಮೊಕದ್ದಮೆಯಲ್ಲಿ ಹೇಳಿತು.

ಆದರೆ ರೂಢಿಗೆ ಮೂರು ಬಾಗಿಲು ಇನ್ನೂ ತೆರೆದಿವೆ, ಮೂರೂ ನಮ್ಮ ಮನೆಗಳಿಗೆ ಬೇಕಾದವು. ದತ್ತಕ ಕಾಯ್ದೆಯ 10ನೇ ಕಲಮಿನಂತೆ 15 ವರ್ಷ ತುಂಬಿದವರನ್ನೂ ಮದುವೆಯಾದವರನ್ನೂ ದತ್ತು ತೆಗೆದುಕೊಳ್ಳುವಂತಿಲ್ಲ, ರೂಢಿ ಇದ್ದರೆ ಹೊರತು. ವಿವಾಹ ಕಾಯ್ದೆಯ 5ನೇ ಕಲಮಿನಂತೆ ಸೋದರಮಾವ-ಸೊಸೆಯ ಮದುವೆ ನಿಷಿದ್ಧ, ಇಬ್ಬರ ಕಡೆಯೂ ರೂಢಿ ಇದ್ದರೆ ಹೊರತು. ಅದೇ ಕಾಯ್ದೆಯ 7ನೇ ಕಲಮು ವಧು ಅಥವಾ ವರನ ಕಡೆಯ ರೂಢಿಯ ವಿಧಿಯಂತೆ ನಡೆದ ಮದುವೆಯನ್ನು ಒಪ್ಪುತ್ತದೆ. ಜೈನ ವಿವಾಹವಿಧಿಗೆ ಜಾಗ ಇರುವುದು ಅಲ್ಲೇ. ಮೂರರಲ್ಲೂ ತಕರಾರು ಎದ್ದರೆ ಕೆಲಸ ಹಳೆಯದೇ, ವಿಚಾರಣಾ ಕೋರ್ಟಿನಲ್ಲಿ ರೂಢಿಯನ್ನು ಸಾಧಿಸುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದಕ್ಕೆ ಸಂಬಂಧಿಸಿದವು 11, 42, 43ನೇ ಕಲಮುಗಳು. ಹಿಂದೆ ಇಂಥದ್ದು ನಡೆದ ನಿದರ್ಶನಗಳೂ, ರೂಢಿಯನ್ನು ಬಲ್ಲ ಹಿರಿಯರ ಅಭಿಪ್ರಾಯವೂ ಸಾಕ್ಷ್ಯವಾಗುತ್ತವೆ.

ಬೆಳೆದ ಮಗನನ್ನು ದತ್ತು ತೆಗೆದುಕೊಳ್ಳುವ ಮನೆಯವರು ಪತ್ರವನ್ನು ಕೊಡುವವರೂ ತೆಗೆದುಕೊಳ್ಳುವವರೂ ಇಬ್ಬರೂ ಸಹಿ ಮಾಡಿ ನೋಂದಣಿ ಮಾಡಿಸಬೇಕು. ಹಾಗಿದ್ದರೆ 16ನೇ ಕಲಮಿನಂತೆ ಕೋರ್ಟು ದತ್ತಕ ಕಾನೂನಿನ ಪ್ರಕಾರವೇ ಆಗಿದೆ ಎಂದು ಮೊದಲಿಗೆ ಭಾವಿಸುತ್ತದೆ. ಆಮೇಲೂ ಯಾರಾದರೂ ಪ್ರಶ್ನಿಸಿದರೆ ಬೇಕಾಗುವುದು ಅದೇ ಪಂಗಡದಲ್ಲಿ ಹಿಂದೆ ಆದ ದತ್ತಕಗಳ ಪತ್ರಗಳು, ಬಸದಿಯ ಹಳೆಯ ದಫ್ತರ, ಆಮಂತ್ರಣ ಪತ್ರಿಕೆ, ಮತ್ತು ಕಟಕಟೆಗೆ ಬಂದು 'ನನ್ನ ಕಣ್ಣೆದುರು ಇಂಥ ಮನೆಯಲ್ಲಿ ಇಂಥ ವರ್ಷ ಹೀಗೆ ನಡೆದಿದೆ' ಎಂದು ಹೇಳಬಲ್ಲ ಎಪ್ಪತ್ತು ದಾಟಿದ ಒಬ್ಬಿಬ್ಬರು.